ಬಾವಿಗಿಲ್ಲದ ಬೀಗ

ನನಗಾಗ ಅರವತ್ತೆಂಟು, ಎರಡು ವರ್ಷದ ಹಿಂದಿನ ಮಾತು. ಪಕ್ಕದ ಮನೆಯ ಲೀಲಾ ಖಾಲಿ ಕೊಡ ಹಿಡಿದು ನಮ್ಮ ಬಾವಿಕಟ್ಟೆಯ ಹತ್ತಿರ ನಿಂತು ಕೇಳಿದಳು: "ಮಾವಶಿ, ನೀರು ಸೇದ್ಲಾ? ಇಲ್ಲಾ ಇದ್ಕೂ ಪಾಸ್‌ವರ್ಡ್ ಮಾಡ್ಸಿದ್ರಾ?"

ದೇವಬಾಗದಲ್ಲಿ ನಮ್ಮದು ನಾಲ್ಕು ಕೋಣೆಯ ಹೋಮ್‌ಸ್ಟೇ. ನೆಟ್ ನಿಧಾನ ಎಂದು ಅತಿಥಿಗಳು ದೂರಿದ್ದಕ್ಕೆ ಆ ವಾರವಷ್ಟೇ ಹೊಸ ವೈಫೈ ಹಾಕಿಸಿದ್ದೆ. ಕಾರವಾರದ ಅಂಗಡಿಯವನು ಎರಡು ಬಗೆ ತೋರಿಸಿದ್ದ. ಎರಡನ್ನೂ ಅವನು ಅಂಗಡಿಯಲ್ಲಿ ಕೂತೇ ನೋಡಿಕೊಳ್ಳಬಹುದಂತೆ. "ಮಾವಶಿ, ನಿಮ್ಗೆ ಅಗ್ಗದ್ದೇ ಸಾಕು. ದುಬಾರಿಯದು ದೊಡ್ಡ ಕಂಪನಿಯವ್ರಿಗೆ, ವರ್ಷಾ ವರ್ಷಾ ಲೈಸೆನ್ಸ್ ಕಟ್ಬೇಕು," ಎಂದ. ಅಗ್ಗದ್ದರ ಪಾಸ್‌ವರ್ಡ್ ಬಾಯಿಂದ ಬಾಯಿಗೆ ಹೋಗುತ್ತದೆ, ದುಬಾರಿಯದರಲ್ಲಿ ನಾವು ಸೇರಿಸಿದ ಮೊಬೈಲಿಗೆ ಮಾತ್ರ ಸಿಗುತ್ತದೆ ಎಂದೂ ಹೇಳಿದ. ಅಷ್ಟು ಕೇಳಿದ್ದೇ ದುಬಾರಿಯದನ್ನೇ ತಂದೆ.

ಲೀಲಾಳ ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾನೆ. ಅವನು ದಡಕ್ಕೆ ಬಂದ ದಿನ ಅವಳು ನಮ್ಮ ಗೋಡೆಗೆ ಒರಗಿ, ನಮ್ಮ ಹಳೆಯ ವೈಫೈಯಲ್ಲಿ ಅವನಿಗೆ ಕೂಸಿನ ಮುಖ ತೋರಿಸುತ್ತಿದ್ದಳು. ಬಾವಿಗೆ ಬಂದ ಹಿಂದಿನ ಸಂಜೆ ಮೊಬೈಲ್ ಎತ್ತಿ ಹಿಡಿದು ಬಹಳ ಹೊತ್ತು ನಿಂತು, ನೆಟ್ ಸಿಗದೆ ವಾಪಸ್ ಹೋಗಿದ್ದಳು. ನಾನು ಕಿಟಕಿಯಿಂದ ನೋಡಿಯೂ ಸುಮ್ಮನಿದ್ದೆ.

ಕೇರಿಗೆಲ್ಲ ನೀರು ಕೊಡುವ ಬಾವಿ ನಮ್ಮದು ಎಂದು ಹೇಳಿಕೊಂಡು ತಿರುಗುವವಳು ನಾನು. ಲೀಲಾ ಕೊಡ ತುಂಬಿಕೊಂಡು ಹೋಗುವವರೆಗೂ ತಲೆ ಎತ್ತಲಾಗಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯವನಿಗೆ ಫೋನ್ ಮಾಡಿ ಅವಳ ಮೊಬೈಲನ್ನೂ ಸೇರಿಸು ಎಂದೆ. ಅದನ್ನು ತಿಳಿಸಲು ಅವಳ ಅಂಗಳಕ್ಕೆ ಹೋಗಿ, ಅವಳು ಒಳಗೆ ಕರೆಯುವ ತನಕ ಹೊರಗೇ ನಿಂತೆ.