ಧೂಳನ್ನೂ ಹೊಗೆಯನ್ನೂ ಕುಡಿದವರು

ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಅಂಕಿಅಂಶ ನೋಡುವ ಅವಳನ್ನು ಎಲ್ಲರೂ ಲೆಕ್ಕದಕ್ಕ ಎನ್ನುತ್ತಾರೆ. ಆ ವಾರ ಲೆಕ್ಕದಕ್ಕನಿಗೆ ನೆಮ್ಮದಿಯಿರಲಿಲ್ಲ. ನೂಲಿನ ಮಿಲ್ಲಿನ ಹೆಂಗಸರಿಗೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಶ್ವಾಸಕೋಶದ ತಪಾಸಣೆಯನ್ನು ನಿಲ್ಲಿಸುವ ಮಾತು ಎದ್ದಿತ್ತು. ಕಾಯಿಲೆಯಿಲ್ಲದೆ ಎಷ್ಟು ವರ್ಷ ಉಳಿದರು ಎಂದು ಹೋಲಿಸಿದರೆ, ಮಿಲ್ಲಿನವರಿಗೂ ಮನೆಯಲ್ಲಿರುವವರಿಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. "ಹತ್ತಿ ಧೂಳಿನದೇನೂ ತಪ್ಪಿಲ್ಲ ಬಿಡಿ," ಎಂದಿದ್ದರು ದೊಡ್ಡ ಡಾಕ್ಟರು. ಶುಕ್ರವಾರದ ಸಭೆಯಲ್ಲಿ ತೀರ್ಮಾನ.

ಆ ತಪಾಸಣೆಯನ್ನೇ ನಂಬಿಕೊಂಡವರಲ್ಲಿ ಅವಳ ಅತ್ತೆಯೂ ಒಬ್ಬರು. ಮಿಲ್ಲಿನಲ್ಲೇ ತಲೆ ನರೆತವರು. ಬೆಳಿಗ್ಗೆ ಈರುಳ್ಳಿ ಹೆಚ್ಚುತ್ತ ಸೊಸೆ ಕೇಳಿದಳು, "ಅತ್ತೆ, ಮಿಲ್ಲಿಂದ ಮನೆಗೆ ಬಂದು ಏನ್ ಮಾಡ್ತಿದ್ರಿ?"

"ಇನ್ನೇನು, ಸಿಂಹಾಸನ ಹಾಕ್ಕೊಂಡು ಕೂತಿರ್ತಿದ್ದೆ! ಸೌದೆ ಒಲೆ ಊದ್ತಿದ್ದೆ ಕಣೇ. ನಿನ್ನ ಗಂಡ, ಅವನಪ್ಪ ತಟ್ಟೆ ಮುಂದೆ ಕಾಯ್ತಿದ್ರಲ್ಲ."

ಚಾಕು ಅಲ್ಲೇ ನಿಂತಿತು. ವಿಭಾಗದ ಲೆಕ್ಕದಲ್ಲಿ ಹೆಂಗಸು ಒಂದೋ ಮಿಲ್ಲಿನವಳು, ಇಲ್ಲವೇ ಮನೆಯವಳು. ಎರಡೂ ಕಡೆ ದುಡಿದವಳಿಗೆ ಜಾಗವೇ ಇಲ್ಲ! ಅದೂ ಅಲ್ಲದೆ ಧೂಳು ಕುಡಿದವರನ್ನು ಹೋಲಿಸಿದ್ದು ಹೊಗೆ ಕುಡಿದವರ ಜೊತೆ. ಕಳ್ಳನನ್ನು ಇನ್ನೊಬ್ಬ ಕಳ್ಳನ ಪಕ್ಕ ನಿಲ್ಲಿಸಿ, ಇಬ್ಬರೂ ಒಂದೇ ಥರ, ಹಾಗಾಗಿ ಸಾಚಾ ಎಂದಂತೆ.

ಈರುಳ್ಳಿಯನ್ನು ಗಂಡನ ಕೈಗಿಟ್ಟು ಆಸ್ಪತ್ರೆಗೆ ಓಡಿದಳು. ಇಡೀ ವಿಭಾಗ ಫೋನಿಗೆ ಅಂಟಿಕೊಂಡಿತು. "ಆಗ ನಿಮ್ಮನೇಲಿ ಅಡುಗೆ ಯಾರು ಮಾಡ್ತಿದ್ರು? ಯಾವ ಒಲೇಲಿ?" ಮೊದಲ ಪ್ರಶ್ನೆಗೆ ನಗದೆ ಉತ್ತರಿಸಿದ ಹೆಂಗಸರೇ ಕಡಿಮೆ. ಗುರುವಾರದ ಹೊತ್ತಿಗೆ ಗುಂಪುಗಳು ನಾಲ್ಕಾದವು: ಧೂಳು ಮಾತ್ರ, ಹೊಗೆ ಮಾತ್ರ, ಎರಡೂ, ಎರಡೂ ಇಲ್ಲ. ಇನ್ನೂ ಕಾಯಿಲೆ ಬೀಳದವರನ್ನು ಬಿಡದೆ, ಅವರು ಆರೋಗ್ಯವಾಗಿ ಕಳೆದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದಳು. ಉತ್ತರ ಪರದೆಯ ಮೇಲೆ ಬಂದಾಗ ಕುರ್ಚಿ ಬಿಟ್ಟು ಎದ್ದೇಬಿಟ್ಟಳು.

"ಧೂಳಿನ ಅಪಾಯ, ಹೊಗೆಯ ಅಪಾಯ ಕೂಡಿಸಿದ್ರೆ ಇಷ್ಟೇ ಆಗ್ಬೇಕಿತ್ತು ಸರ್," ಎಂದಳು ಸಭೆಯಲ್ಲಿ. "ಎರಡೂ ಇರೋರಲ್ಲಿ ನೋಡಿ, ಮೊತ್ತಕ್ಕಿಂತ ಎಷ್ಟು ಮೇಲಿದೆ!"

"ಆಕಸ್ಮಿಕ ಇರಬಹುದಲ್ವೇನಮ್ಮ?"

"ಅದನ್ನೇ ಪರೀಕ್ಷೆ ಮಾಡಿದ್ದು. ಸುಮ್ಮನೆ ಆಕಸ್ಮಿಕವಾಗಿ ಇಷ್ಟು ಹೆಚ್ಚು ಬರೋದು ತೀರಾ ಅಪರೂಪ. ಎರಡೂ ಒಳಗೊಳಗೇ ಕೈ ಜೋಡಿಸಿವೆ."

ಡಾಕ್ಟರು ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದರು. "ಹಾಗಾದ್ರೆ ನಿಲ್ಲಿಸೋ ಮಾತೆಲ್ಲಿ! ಎರಡೂ ಇರೋರನ್ನ ಮೊದಲು ಕರೀರಿ!" ಅವರ ದನಿಯೂ ಏರಿತ್ತು.

ಅವಳು ಹೊರಗೆ ಬಂದವಳೇ ಮನೆಗೆ ಫೋನ್ ಮಾಡಿದಳು. "ಅತ್ತೆ, ತಪಾಸಣೆ ಉಳೀತು! ಸೋಮವಾರ ನಿಮ್ಮದೇ ಮೊದಲ ಸರದಿ!"

"ಪಕ್ಕದ ಮನೆಯವಳೂ ಬರಬಹುದೇನೇ? ಅವಳೂ ಎರಡೂ ಕುಡಿದೋಳೇ."

"ಇಡೀ ಬೀದೀನೇ ಕರ್ಕೊಂಡು ಬನ್ನಿ!"

ಫೋನಿನ ಆಚೆ ಕಿಟಕಿ ತೆರೆದ ಸದ್ದು, ಹಿಂದೆಯೇ ಪಕ್ಕದ ಮನೆಯತ್ತ, ಮಿಲ್ಲಿನ ಸದ್ದಿನಲ್ಲಿ ಪಳಗಿದ ಅತ್ತೆಯ ಗಂಟಲು: "ಏಯ್, ಸೋಮವಾರ ಒಲೆ ಹಚ್ಚಬೇಡ ಕಣೇ!"