ಶಹಾಬಾದದ ಖಂಡೆಪ್ಪ ಹಡಗಿನ ತೂತು ಮುಚ್ಚಿದ್ದು

ಶಹಾಬಾದದ ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ಹೊರುತ್ತಿದ್ದ ಖಂಡೆಪ್ಪನಿಗೆ ಇದ್ದ ದೊಡ್ಡ ಆಸ್ತಿಯೆಂದರೆ ಬಾಯಿ. ಹತ್ತು ಚೀಲ ಹೊತ್ತರೆ ನೂರು ಚೀಲದ ಮಾತಾಡುತ್ತಿದ್ದ. ನಿಜಾಮರ ಕಾಲದ ಮಾತು. ಚಿತ್ತಾಪುರದ ಜಿಲಾನಿ ಮುಂಬೈಯ ಸರಕು ಹಡಗೊಂದರಲ್ಲಿ ಖಲಾಸಿಗಳ, ಅಂದರೆ ಹಡಗಿನ ಕೂಲಿಗಳ, ಮೇಲಿನವನಾಗಿದ್ದ. ರಜೆಗೆ ಬಂದವನು ಒಮ್ಮೆ ವಾಡಿ ಸ್ಟೇಶನ್ನಿನ ಚಹಾದಂಗಡಿಯಲ್ಲಿ ಕುಳಿತು, ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಎತ್ತಿ ಹಾಕುವ ಸುದ್ದಿ ಹೇಳುತ್ತಿದ್ದ. ಸುಮ್ಮನೆ ಕೇಳುವ ಆಸಾಮಿಯೇ ನಮ್ಮ ಖಂಡೆಪ್ಪ?

“ಇದ್ದಲಿ ಎತ್ತಿ ಒಗಿಯೋದು ಏನ್ ದೊಡ್ಡ ಕೆಲಸ ಬಿಡ್ರಿ ಭಾಯಿ! ನಾ ಎಡಗೈಲೆ ಮಾಡ್ತೀನಿ.”

“ಹಂಗಾರ ನಡಿ, ನನ್ನ ಸಂಗಟ,” ಎಂದ ಜಿಲಾನಿ.

ಅಷ್ಟು ಜನರೆದುರು ಆಡಿದ ಮಾತು, ನುಂಗುವುದು ಹೇಗೆ? ಹೆಂಡತಿ ಭೀಮಬಾಯಿ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. “ಮೈ ತೊಳ್ಕೋರಿ ಅಂದ್ರ ಚರಿಗಿ ನೀರಿಗೂ ಹೆದರ್ತೀರಿ. ಸಮುದ್ರಕ್ಕ ಹೊಂಟೀರೇನು?” ಎಂದಳು. ಖಂಡೆಪ್ಪ ಕೇಳಿಸದವನಂತೆ ಮೀಸೆ ತಿರುವಿದ.

ಮುಂಬೈ ದಾಟುತ್ತಿದ್ದಂತೆ ಮೀಸೆ ಇಳಿಯಿತು. ಮಳೆಗಾಲದ ಸಮುದ್ರ, ಹಡಗು ಅರಬರ ನಾಡಿನ ಏಡನ್ ಬಂದರಿಗೆ ಹೊರಟಿತ್ತು. ತಿಂದದ್ದೆಲ್ಲ ಹೊರಗೆ ಹಾಕುತ್ತ, ಕಂಡ ದೇವರಿಗೆಲ್ಲ ಹರಕೆ ಹೊರುತ್ತ, ಖಂಡೆಪ್ಪ ಇದ್ದಲಿ ಎತ್ತಿದ. ಎರಡೂ ಕೈಯಿಂದ.

ಅಷ್ಟರಲ್ಲಿ ಒಂದು ಮುಂಜಾನೆ ಹಡಗು ಎಡಕ್ಕೆ ವಾಲತೊಡಗಿತು. ತಳದಲ್ಲಿ ನೀರು ಏರುತ್ತಿದೆ ಎಂಬ ಸುದ್ದಿ ಹಬ್ಬಿತು. ಪಂಪು ಹಚ್ಚಿದರು. ಇದ್ದಲಿಯ ರಾಡಿ ಸಿಕ್ಕಿ ಅದು ಮತ್ತೆ ಮತ್ತೆ ಕಟ್ಟಿಕೊಂಡಿತು. ನೀರು ಎಲ್ಲಿಂದ ಬರುತ್ತಿದೆಯೋ ಯಾರಿಗೂ ತಿಳಿಯದು. ದೀಪ ಹಿಡಿದು, ಸರಕಿನ ಮೂಟೆ ಸರಿಸಿ, ಕಬ್ಬಿಣದ ಗೋಡೆಗೆ ಕಿವಿ ಹಚ್ಚಿ ಹುಡುಕಿದರು. ಖಂಡೆಪ್ಪನೇ ಮೊದಲು ಕೂಗಿದ: “ಸಿಕ್ತು! ಸಿಕ್ತು!” ಎಲ್ಲರೂ ಬಿದ್ದು ಎದ್ದು ಓಡಿಬಂದರು. ಅದು ಕುಡಿಯುವ ನೀರಿನ ನಳದಿಂದ ತೊಟ್ಟಿಕ್ಕುತ್ತಿದ್ದ ನೀರು.

“ಇನ್ನೊಮ್ಮಿ ಒದರಿದ್ರ ನಿನ್ನೇ ಆ ತೂತಿಗಿ ಜಡೀತೀನಿ,” ಎಂದ ಜಿಲಾನಿ.

ಮಾರಿ ಸಣ್ಣದು ಮಾಡಿಕೊಂಡು ಖಂಡೆಪ್ಪ ಎಡಗಡೆಯ ಇದ್ದಲಿ ಕೋಣೆಗೆ ಹೋಗಿ ಮೂಲೆಯಲ್ಲಿ ಕುಳಿತ. ಕೆಲಸಕ್ಕಲ್ಲ, ಅಡಗಲಿಕ್ಕೆ. ತುಸು ಹೊತ್ತಿಗೆ ಧೋತರದ ಹಿಂಭಾಗ ತಣ್ಣಗಾಯಿತು. ಮುಟ್ಟಿ ನೋಡಿದ, ಒದ್ದೆ. ಎದ್ದು ಹೊರಗೋಡಿದ.

“ಜಿಲಾನಿ ಭಾಯಿ, ಇಲ್ಲಿ ನೀರು ಅದ!”

ಖಲಾಸಿಗಳು ಅವನ ಧೋತರ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಆ ಆಪತ್ತಿನಲ್ಲೂ ಹೊಟ್ಟೆ ಹಿಡಿದು ನಕ್ಕರು.

“ಹೆದರಿಕಿಗಿ ಆಗ್ತದೋ ತಮ್ಮಾ, ನಾಚ್ಕೋಬ್ಯಾಡ,” ಎಂದ ಜಿಲಾನಿ.

“ನಿಮ್ಮ ಪಾದ ಹಿಡೀತೀನಿ, ನಂದಲ್ರೀ ಅದು! ಸಮುದ್ರದ್ದು! ಬೇಕಾದ್ರ ರುಚಿ ನೋಡ್ರಿ!”

ರುಚಿ ನೋಡಲು ಯಾರೂ ಮುಂದೆ ಬರಲಿಲ್ಲ. ಆದರೆ ಖಂಡೆಪ್ಪನ ಕಣ್ಣಲ್ಲಿ ನೀರು ಬಂದಿದ್ದನ್ನು ಕಂಡು ಜಿಲಾನಿ ನಗು ನಿಲ್ಲಿಸಿ, ದೀಪ ಹಿಡಿದು ಒಳಗೆ ಹೋದ. ಮೂಲೆಯ ಇದ್ದಲಿ ಕೆದರಿ ಕೈಯಿಟ್ಟ. ತಣ್ಣೀರು ತೋಳಿನವರೆಗೆ ಚಿಮ್ಮಿತು.

ಕೋಣೆಯ ಇದ್ದಲಿಯನ್ನೆಲ್ಲ ಆಚೆಗೆ ಎತ್ತಿ ಹಾಕಬೇಕಾಯಿತು. ಅಲ್ಲಿ ಅಡಗಲು ಬಂದವನೂ ಖಂಡೆಪ್ಪನೇ, ಮೊದಲು ಸಲಿಕೆ ಹಿಡಿದವನೂ ಅವನೇ. ತಳದಲ್ಲಿ ಎರಡು ಕಬ್ಬಿಣದ ತಗಡು ಕೂಡಿಸಿದ್ದ ಮೊಳೆ ಕಿತ್ತು, ಸಂದಿ ಬಾಯಿ ಬಿಟ್ಟಿತ್ತು. ಕಟ್ಟಿಗೆಯ ಬೆಣೆ ಜಡಿದರೂ ಅದರ ಸುತ್ತ ನೀರು ಪಿಚಕ್ಕೆನ್ನುತ್ತಿತ್ತು. ಹಡಗಿನ ಇಂಗ್ಲಿಷ್ ಇಂಜಿನಿಯರ್ ಸಾಹೇಬ ಸಂದಿಯ ಸುತ್ತ ಮರದ ಪೆಟ್ಟಿಗೆ ಕೂಡಿಸಿ, ಅದರೊಳಗೆ ಸಿಮೆಂಟ್ ಸುರಿಯಿರಿ ಎಂದ.

“ಸಾಬ್, ಇವ ಸಿಮೆಂಟಿನ ಊರಿನವ,” ಎಂದು ಜಿಲಾನಿ ಖಂಡೆಪ್ಪನನ್ನು ಮುಂದೆ ನೂಕಿದ. ದಾರಿಯುದ್ದಕ್ಕೂ ಖಂಡೆಪ್ಪ ತಮ್ಮೂರ ಸಿಮೆಂಟಿನ ಬಡಾಯಿ ಕೊಚ್ಚಿದ್ದನಲ್ಲ!

ಖಂಡೆಪ್ಪ ಚೀಲ ಹೊತ್ತದ್ದೇ ಹೊರತು ಸಿಮೆಂಟ್ ಕಲಸಿದವನಲ್ಲ. ಆದರೂ ತೋಳು ಏರಿಸಿದ. ರೊಟ್ಟಿ ಹಿಟ್ಟು ನಾದುತ್ತಿದ್ದ ಭೀಮಬಾಯಿಯ ಕೈಯನ್ನು ನೆನೆದು ಅಂದಾಜಿಗೆ ಕಲಸಿದ. ಸುರಿದದ್ದೆಲ್ಲ ಅಂಬಲಿಯಂತೆ ತೊಳೆದು ಹೋಯಿತು. ಸಾಹೇಬ ಬೈದದ್ದು ಅವನಿಗೆ ತಿಳಿಯಲಿಲ್ಲ, ಅದೊಂದು ಪುಣ್ಯ. ಎರಡನೆಯ ಸಲ ಸಾಹೇಬನೇ ನಿಂತು ಗಟ್ಟಿಯಾಗಿ ಕಲಸಿಸಿದ. ಸಿಮೆಂಟ್ ಬಿಗಿಯುವ ತನಕ ನೀರು ಹರಿದು ಹೋಗಲು ಪೆಟ್ಟಿಗೆಯೊಳಗೆ ಒಂದು ಸಣ್ಣ ಕೊಳವೆ ಇಡಿಸಿದ. ಆದರೆ ಹಡಗು ಹೊಯ್ದಾಡಿದಾಗೆಲ್ಲ ಪೆಟ್ಟಿಗೆ ಅಲುಗುತ್ತಿತ್ತು. ಯಾರಾದರೂ ಬೆನ್ನು ಕೊಟ್ಟು ಒತ್ತಿ ಹಿಡಿಯಬೇಕಿತ್ತು. ಅಲ್ಲಿ ಮೊಳಕಾಲುದ್ದ ನೀರು, ಕುಳಿತರೆ ಎದೆಯವರೆಗೆ.

ಖಂಡೆಪ್ಪ ಯಾರೂ ಹೇಳುವ ಮೊದಲೇ ಹೋಗಿ ಕುಳಿತ. ಚೀಲ ಹೊತ್ತ ಬೆನ್ನು ಅದು, ಒತ್ತಲು ಬರುತ್ತಿತ್ತು. ಕಣ್ಣು ಮುಚ್ಚಿ “ಶರಣಬಸಪ್ಪಾ, ಶರಣಬಸಪ್ಪಾ” ಎಂದು ಜಪಿಸಿದ. ಹಲ್ಲು ಕಟಕಟ ಎಂದವು. ಜೊತೆಗಾರರು ಸರದಿಗೆ ಕರೆದರೂ ಏಳಲಿಲ್ಲ. ಎದ್ದರೆ ಮತ್ತೆ ಕೂರುವ ಧೈರ್ಯ ಬರುವುದಿಲ್ಲವೆಂದು ಅವನಿಗೇ ಗೊತ್ತಿತ್ತು. ಸಿಮೆಂಟ್ ಬಿಗಿದು, ಕೊಳವೆಯ ಬಾಯಿಗೂ ಬಿರಡೆ ಹಾಕಿದ ಮೇಲೆ ಜಿಲಾನಿ ಅವನನ್ನು ಎತ್ತಿ ತಂದು ಬಾಯ್ಲರಿನ ಮಗ್ಗುಲಿಗೆ ಕೂಡಿಸಿ, ತಾನೇ ಬಿಸಿ ಚಹಾ ಕುಡಿಸಿದ.

ಹಡಗು ವಾಲಿಕೊಂಡೇ ಏಡನ್ ಮುಟ್ಟಿತು.

ಊರಿಗೆ ಬಂದ ಖಂಡೆಪ್ಪನ ಬಾಯಲ್ಲಿ ತೂತು ದಿನದಿನಕ್ಕೆ ಬೆಳೆಯಿತು. ಮೊದಲು ಬೆರಳು ಹೋಗುವಷ್ಟಿತ್ತು, ದೀಪಾವಳಿಗೆ ಎಮ್ಮೆ ಹೋಗುವಷ್ಟಾಯಿತು. ಕೇಳಿ ಕೇಳಿ ಸಾಕಾದ ಭೀಮಬಾಯಿ ಒಂದು ದಿನ ಕೇಳಿದಳು: “ಅಲ್ರೀ, ಅಂಜಿಕಿ ಬರಲಿಲ್ಲೇನು?”

ಖಂಡೆಪ್ಪ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, “ಭಾಳ ಬಂದಿತ್ತು” ಎಂದ.

ಭೀಮಬಾಯಿ ನಗಲಿಲ್ಲ. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.