ಮಣೆ ತೆಗೆದ ಮೇಲೆ

ತುಡಿಯಲೂರಿನ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ಇಲಿಗಳನ್ನು ಈಜಿಸುವುದು ನನ್ನ ಕೆಲಸ. ದೊಡ್ಡ ತೊಟ್ಟಿ, ಹಾಲಿನ ಪುಡಿ ಕದಡಿದ ನೀರು, ಅದರಡಿ ಕಾಣದಂತೆ ಇಟ್ಟ, ಇಲಿ ಹತ್ತಿ ನಿಲ್ಲಬಹುದಾದ ಒಂದು ಮಣೆ. ಕೋಣೆಯ ಗೋಡೆಗೆ ಅಂಟಿಸಿದ ಚಿತ್ರಗಳನ್ನು ಗುರುತಿಟ್ಟುಕೊಂಡು ಇಲಿ ನಾಲ್ಕೈದು ದಿನದಲ್ಲಿ ಮಣೆಯ ದಾರಿ ಕಲಿಯುತ್ತದೆ. ಮೆದುಳಿನ ಒಂದು ಬಗೆಯ ಗ್ರಾಹಕಗಳನ್ನು ಔಷಧಿ ಕೊಟ್ಟು ತಡೆದರೆ ಅದಕ್ಕೆ ದಾರಿ ತಲೆಗೆ ಹತ್ತುವುದಿಲ್ಲ; ತೊಟ್ಟಿಯ ಅಂಚು ಸವರಿಕೊಂಡು ಸುಮ್ಮನೆ ಸುತ್ತುತ್ತದೆ. ಪ್ರಯೋಗದ ನಡುವೆ ಯಾರಾದರೂ ಒಂದು ಚಿತ್ರ ಸರಿಸಿದರೂ ನಾನು ಕೂಗಾಡುತ್ತೇನೆ. ಗುರುತು ಕಿತ್ತರೆ ಪಾಪ, ಇಲಿ ಏನು ಮಾಡೀತು?

ಸೋಮನೂರಿನ ನಮ್ಮ ಮನೆಗೆ ಅಂಟಿಕೊಂಡೇ ಶೆಡ್ಡು, ಅದರಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಅಮ್ಮ ಅವನ್ನು 'ತರಿ' ಎನ್ನುತ್ತಿದ್ದಳು, ಒಂದರಲ್ಲಿ ತಾನೇ ನೇಯುತ್ತಿದ್ದಳು. ಅಮ್ಮನಿಗೆ ಮರೆವು ಶುರುವಾದ ಮೇಲೆ ಕೂಲಿಗೆ ನೇಯುವ ಅಣ್ಣನೊಬ್ಬ ಅವನ್ನು ಓಡಿಸುತ್ತಿದ್ದ. ಆ ಸದ್ದಿನಲ್ಲಿ ಗಟ್ಟಿಮುಟ್ಟಾದವರಿಗೇ ತಲೆ ಕೆಡುತ್ತದೆ, ಅಮ್ಮನ ಗತಿಯೇನು ಎಂದು ನಾನೇ ತೀರ್ಮಾನಿಸಿ ಎಲ್ಲವನ್ನೂ ಗುಜರಿಗೆ ಹಾಕಿದೆ.

ಮರುವಾರದಿಂದಲೇ ಅಮ್ಮ ಗೋಡೆ ಸವರಿಕೊಂಡು ನಡೆಯತೊಡಗಿದಳು. ಬಚ್ಚಲು ಹುಡುಕಿ ಹುಡುಕಿ ಹಜಾರದಲ್ಲೇ ಬಟ್ಟೆ ಒದ್ದೆ ಮಾಡಿಕೊಂಡು ಅತ್ತಳು. ಕಾಯಿಲೆ ಏರಿತು ಎಂದುಕೊಂಡೆ.

ಬಿಟ್ಟುಹೋಗಿದ್ದ ಊಟದ ಕ್ಯಾರಿಯರ್ ಒಯ್ಯಲು ಬಂದ ಆ ಅಣ್ಣ ಅವಳನ್ನು ನೋಡುತ್ತಾ ನಿಂತ.

"ಅಕ್ಕ ಸದ್ದು ಕೇಳಿ ತಾನೆ ನಡೀತಾ ಇದ್ರು? ಸದ್ದು ಬಲಕ್ಕಿದ್ರೆ ಅಡುಗೆಮನೆ, ಬೆನ್ನಿಗಿದ್ರೆ ಬಚ್ಚಲು. ನನ್ ಕೈಲಿ ಹೇಳಿದ್ರು. ನಿಮ್ ಕೈಲಿ ಹೇಳಲಿಲ್ವಾ?"

ನನ್ನ ಕೈಲಿ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನ ಬಾನಿಗೆ ಬಿತ್ತಂತೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಪ್ರಯೋಗದ ಕೊನೆಯ ದಿನ ನಾವು ಮಣೆಯನ್ನೇ ತೆಗೆದುಬಿಡುತ್ತೇವೆ. ಕಲಿತ ಇಲಿ ಅದಿದ್ದ ಜಾಗದಲ್ಲೇ ಮತ್ತೆ ಮತ್ತೆ ಹುಡುಕುತ್ತದೆ. ಎಷ್ಟು ಹೊತ್ತು ಹುಡುಕಿತೋ ಅಷ್ಟು ನೆನಪು ಉಳಿದಿದೆ ಎಂದು ಬರೆದುಕೊಳ್ಳುತ್ತೇವೆ.

ಮೊನ್ನೆ ಭಾನುವಾರ ಅಮ್ಮ ಗೋಡೆ ಹಿಡಿದುಕೊಂಡು ಖಾಲಿ ಶೆಡ್ಡಿಗೆ ಹೋದಳು. ನೆಲದಲ್ಲಿ ಎಣ್ಣೆಯ ಕಲೆಗಳಷ್ಟೇ ಉಳಿದಿದ್ದವು. ತನ್ನ ಮಗ್ಗ ಇದ್ದ ಜಾಗಕ್ಕೆ ಸರಿಯಾಗಿ ಹೋಗಿ ನಿಂತು, ಗಾಳಿಯಲ್ಲಿ ಕೈಯಾಡಿಸಿದಳು. ಅಭ್ಯಾಸಬಲ, ನಾನು ಗಡಿಯಾರ ನೋಡಿದೆ.

"ಏನ್ ಕಣ್ಣು, ತರಿ ಓಡ್ತಾ ಇಲ್ಲೆ?" ಎಂದು ಮುದ್ದಿನಿಂದ ಕೇಳಿದಳು.

"ಕರೆಂಟ್ ಇಲ್ಲಮ್ಮ."

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವಳು ನಂಬಿದಳು.

"ಸರಿ, ಬರ್ಲಿ" ಎಂದು ಅಲ್ಲೇ ನೆಲದ ಮೇಲೆ ಕೂತಳು.

ಇಲಿಯನ್ನಾದರೆ ಒಂದು ನಿಮಿಷಕ್ಕೆ ಎತ್ತಿ, ಒರೆಸಿ, ಗೂಡಿಗೆ ಬಿಡುತ್ತೇವೆ. ಅಮ್ಮ ಸಂಜೆಯವರೆಗೂ ಕಾದಳು.